ಪ್ರೊಪೆಲರ್ ಅಲಗನ್ನು ಓರೆ ಮಾಡುವವರು ಯಾರು?

ಕಂಪ್ಯೂಟರಿನ ಪರದೆಯ ಮೇಲೆ ವಿಮಾನ ಹಾರಿಸುವ ಆಟವನ್ನು ನೀವು ನೋಡಿರಬಹುದು. ಅವುಗಳಲ್ಲಿ ಕೆಲವು ಬರಿಯ ಆಟಗಳಲ್ಲ. ನಿಜವಾದ ವಿಮಾನ ಹೇಗೆ ವರ್ತಿಸುತ್ತದೆಯೋ ಆದಷ್ಟು ಹಾಗೆಯೇ ಪರದೆಯ ವಿಮಾನವೂ ವರ್ತಿಸುವಂತೆ ಅವನ್ನು ಬರೆದಿರುತ್ತಾರೆ. ಇವಕ್ಕೆ ಫ್ಲೈಟ್ ಸಿಮ್ಯುಲೇಟರ್ ಎಂದು ಹೆಸರು. 2001ರಲ್ಲಿ ರಷ್ಯಾದಲ್ಲಿ ತಯಾರಾದ 'ಇಲ್-2 ಸ್ಟುರ್ಮೊವಿಕ್' ಅಂಥದ್ದೊಂದು. ಎರಡನೆಯ ಮಹಾಯುದ್ಧದ ಕಾಲದ ಯುದ್ಧವಿಮಾನಗಳನ್ನು ಅದರಲ್ಲಿ ಹಾರಿಸಬಹುದು.

ಹಾರಾಟ ಶುರುವಾಗುವ ಮುಂಚೆ ಆಯ್ಕೆಗಳ ಒಂದು ಪಟ್ಟಿ ಬರುತ್ತದೆ. ಎಂಜಿನ್ನಿನ ಸೂಕ್ಷ್ಮ ನಿಯಂತ್ರಣಗಳನ್ನು ನೀವೇ ನೋಡಿಕೊಳ್ಳುತ್ತೀರೋ, ಕಂಪ್ಯೂಟರಿಗೆ ಬಿಡುತ್ತೀರೋ ಎಂಬುದು ಅದರಲ್ಲಿ ಒಂದು. ಬಹಳ ಮಂದಿ ಹಿಂದುಮುಂದು ನೋಡದೆ ಕಂಪ್ಯೂಟರಿಗೇ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟುಕೊಟ್ಟದ್ದರಲ್ಲಿ ಮುಖ್ಯವಾದದ್ದು ಪ್ರೊಪೆಲರಿನ 'ಪಿಚ್'. ಇದು ಕ್ರಿಕೆಟ್ ಪಿಚ್ ಅಲ್ಲ! ಹಾಗಾದರೆ ಏನು? ಅದನ್ನು ಕೈಯಿಂದ ಬದಲಿಸುವುದಕ್ಕೂ ಯಂತ್ರವೇ ಬದಲಿಸುವುದಕ್ಕೂ ಏನು ವ್ಯತ್ಯಾಸ? ನೋಡೋಣ.

ಮೊದಲು ತರಗತಿಯ ಸೀಲಿಂಗ್ ಫ್ಯಾನು ನಿಂತಿರುವಾಗ ಕೆಳಗಿನಿಂದ ಗಮನಿಸಿ. ಅದರ ಅಲಗುಗಳು ಚಪ್ಪಟೆಯಾಗಿ ಮಲಗಿಲ್ಲ, ಸ್ವಲ್ಪ ಓರೆಯಾಗಿವೆ ಅಲ್ಲವೇ? ಓರೆಯಾಗಿರುವುದರಿಂದಲೇ ಅವು ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ. ಪೂರ್ತಿ ಚಪ್ಪಟೆಯಾಗಿದ್ದರೆ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಕೆಳಗೆ ಕುಳಿತವರಿಗೆ ಗಾಳಿ ಬಾರದು. ಪೂರ್ತಿ ನೆಟ್ಟಗೆ ನಿಂತಿದ್ದರೆ ಗಾಳಿಯನ್ನು ಸುಮ್ಮನೆ ಸುತ್ತ ಕಲಕುತ್ತಿತ್ತು, ಮೋಟಾರಿಗೆ ಏದುಸಿರು ಬರುತ್ತಿತ್ತು, ಅಷ್ಟೆ.

ಇದನ್ನು ಕೈಯಿಂದಲೇ ತಿಳಿಯಬಹುದು. ಒಂದು ಬಕೆಟ್ ತುಂಬ ನೀರು, ಒಂದು ಅಗಲವಾದ ಅಳತೆಪಟ್ಟಿ ತೆಗೆದುಕೊಳ್ಳಿ. ಪಟ್ಟಿಯ ಅಂಚನ್ನು ಮುಂದೆ ಮಾಡಿ ನೀರಿನಲ್ಲಿ ಎಳೆಯಿರಿ. ಸಲೀಸಾಗಿ ಸಾಗುತ್ತದೆ. ಅಗಲವಾದ ಬದಿಯನ್ನು ಮುಂದೆ ಮಾಡಿ ಎಳೆಯಿರಿ. ನೀರು ತಡೆಯುತ್ತದೆ. ಈಗ ಸ್ವಲ್ಪವೇ ಓರೆಯಾಗಿ ಹಿಡಿದು ಎಳೆಯಿರಿ. ಪಟ್ಟಿ ನಿಮ್ಮ ಕೈಯನ್ನು ಪಕ್ಕಕ್ಕೆ ನೂಕುತ್ತದೆ! ವಿಮಾನವನ್ನು ಮುಂದಕ್ಕೆ ಎಳೆಯುವುದು ಇದೇ ಪಕ್ಕದ ನೂಕುಬಲ. ಪ್ರೊಪೆಲರ್ ಎಂದರೆ ಎರಡು, ಮೂರು ಅಥವಾ ನಾಲ್ಕು ಓರೆ ಪಟ್ಟಿಗಳು. ಅವನ್ನು ನೀರಿನ ಬದಲು ಗಾಳಿಯಲ್ಲಿ, ಎಂಜಿನ್ನು ಗರಗರನೆ ತಿರುಗಿಸುತ್ತದೆ.

ಎಷ್ಟು ಓರೆ ಇರಬೇಕು? ಫ್ಯಾನಿಗೆ ಇದು ಸುಲಭದ ಪ್ರಶ್ನೆ. ಅದು ಇದ್ದಲ್ಲಿಯೇ ಇರುತ್ತದೆ, ಒಂದು ಕೋನ ಸಾಕು. ಪ್ರೊಪೆಲರ್ ಹಾಗಲ್ಲ. ತಿರುಗುತ್ತ ತಿರುಗುತ್ತ ಅದೂ ಮುಂದೆ ಹೋಗುತ್ತದೆ. ನಟ್ಟನ್ನು ಬೋಲ್ಟಿನ ಮೇಲೆ ತಿರುಗಿಸಿ ನೋಡಿ. ಒಂದು ಸುತ್ತಿಗೆ ನಟ್ಟು ಒಂದು ನಿರ್ದಿಷ್ಟ ದೂರ ಮುಂದೆ ಸರಿಯುತ್ತದೆ. ಆ ದೂರವೇ ತಿರುಪಿನ ಪಿಚ್. ಪ್ರೊಪೆಲರ್ ಕೂಡ ಗಾಳಿಯಲ್ಲಿ ಕೊರೆದುಕೊಂಡು ಹೋಗುವ ತಿರುಪಿನಂತೆಯೇ. ಅಲಗು ಹೆಚ್ಚು ಓರೆಯಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ. ಆದ್ದರಿಂದ ಅಲಗಿನ ಓರೆಯನ್ನೂ ಪಿಚ್ ಎಂದೇ ಕರೆಯುವ ರೂಢಿ.

ಒಂದು ಲೆಕ್ಕ ಮಾಡೋಣ. ಬ್ರಿಟನ್ನಿನ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನದ ಮರ್ಲಿನ್ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿತ್ತು. ನಡುವೆ ಹಲ್ಲುಚಕ್ರಗಳಿದ್ದುದರಿಂದ ಪ್ರೊಪೆಲರ್ ಅದರ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ ಸೆಕೆಂಡಿಗೆ ಸುಮಾರು 24 ಸುತ್ತು ತಿರುಗುತ್ತಿತ್ತು. ವಿಮಾನ ನೆಲದ ಮೇಲೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅದನ್ನು 24ರಿಂದ ಭಾಗಿಸಿದರೆ ಒಂದು ಸುತ್ತಿಗೆ 1.2 ಮೀಟರ್‌ಗೂ ಕಡಿಮೆ. ಅದೇ ವಿಮಾನ ಮೇಲೆ ಗಂಟೆಗೆ 570 ಕಿ.ಮೀ. ವೇಗದಲ್ಲಿ ಹಾರುವಾಗ ಒಂದು ಸುತ್ತಿಗೆ ಸುಮಾರು 6.6 ಮೀಟರ್ ಸಾಗುತ್ತದೆ! ಒಂದೇ ತಿರುಪು ಎರಡಕ್ಕೂ ಹೊಂದುವುದು ಹೇಗೆ?

ಹೊಂದುವುದಿಲ್ಲ. ಹೆಚ್ಚು ವೇಗಕ್ಕೆಂದು ಅಲಗನ್ನು ತುಂಬ ಓರೆ ಮಾಡಿ ಕೂರಿಸಿದರೆ ನೆಲದ ಮೇಲೆ ಅದು ಗಾಳಿಯನ್ನು ಕಲಕುತ್ತದೆ, ಎಳೆಯುವುದಿಲ್ಲ. ಎಂಜಿನ್ನಿಗೆ ಪೂರ್ತಿ ಸುತ್ತು ತಿರುಗಲೂ ಆಗದು. ನಿಂತ ಬಸ್ಸನ್ನು ಟಾಪ್ ಗೇರಿನಲ್ಲಿ ಹೊರಡಿಸಲು ಹೋದಂತೆ. ಕಡಿಮೆ ವೇಗಕ್ಕೆಂದು ಓರೆಯನ್ನು ಕಡಿಮೆ ಇಟ್ಟರೆ ವಿಮಾನ ಚೆನ್ನಾಗಿ ಮೇಲೇಳುತ್ತದೆ. ಆದರೆ ವೇಗ ಏರಿದ ಮೇಲೆ ಅಲಗಿಗೆ ಗಾಳಿ ಸಿಕ್ಕುವುದೇ ಇಲ್ಲ. ಧುಮುಕುವಾಗಲಂತೂ ಎದುರಿನ ಗಾಳಿಯೇ ಪ್ರೊಪೆಲರನ್ನು ಗಿರಗಿಟ್ಲೆಯಂತೆ ತಿರುಗಿಸಿ, ಅದಕ್ಕೆ ಕಟ್ಟಿದ ಎಂಜಿನ್ನನ್ನೂ ಮಿತಿಮೀರಿ ಓಡಿಸುತ್ತದೆ. ಮೊದಲ ಗೇರಿನಲ್ಲಿಯೇ ಘಾಟಿ ಇಳಿಯುವ ಬಸ್ಸಿನ ಎಂಜಿನ್ನು ಹೇಗೆ ಕಿರುಚುತ್ತದೆ, ಕೇಳಿದ್ದೀರಲ್ಲ?

ಇಲ್ಲಿಂದ ಮುಂದೆ ಎರಡು ಮಾತು ನೆನಪಿಡಿ. ಕಡಿಮೆ ಓರೆ ಎಂದರೆ ಮೊದಲ ಗೇರು. ಹೆಚ್ಚು ಓರೆ ಎಂದರೆ ಟಾಪ್ ಗೇರು.

ಒಂದು ಮರೆವು

ಸ್ಪಿಟ್‌ಫೈರ್ ಮೊದಲ ಬಾರಿ ಹಾರಿದ್ದು 1936ರ ಮಾರ್ಚ್ 5ರಂದು. ಆಗ ಅದಕ್ಕೆ ಇದ್ದದ್ದು ಎರಡಲಗಿನ ಮರದ ಪ್ರೊಪೆಲರ್. ಅದರ ಓರೆಯನ್ನು ಬದಲಿಸುವಂತಿರಲಿಲ್ಲ. 1938ರಲ್ಲಿ ವಾಯುಪಡೆಗೆ ಬಂದ ಮೊದಲ ಸ್ಪಿಟ್‌ಫೈರ್‌ಗಳದ್ದೂ ಅದೇ ಕಥೆ. ಆಮೇಲೆ ಮೂರಲಗಿನ ಲೋಹದ ಪ್ರೊಪೆಲರ್ ಬಂತು. ಅದರಲ್ಲಿ ಎರಡೇ ಗೇರು ಇದ್ದವೆನ್ನಿ. ನೆಲ ಬಿಡುವಾಗ ಕಡಿಮೆ ಓರೆ, ಮೇಲೇರಿದ ಮೇಲೆ ಹೆಚ್ಚು ಓರೆ. ಬದಲಿಸಬೇಕಾದವರು ಪೈಲಟ್.

ಪೈಲಟ್ ಮರೆತರೆ? ಡಗ್ಲಾಸ್ ಬೇಡರ್ ಎಂಬ ಹೆಸರಾಂತ ಬ್ರಿಟಿಷ್ ಪೈಲಟ್ ಇದ್ದರು. 1931ರ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡು, ಕೃತಕ ಕಾಲುಗಳಲ್ಲಿ ಮತ್ತೆ ವಿಮಾನ ಹಾರಿಸಿದ ಗಟ್ಟಿಗ. 1940ರ ಆರಂಭದ ತಿಂಗಳುಗಳಲ್ಲಿ ಒಂದು ದಿನ ಅವರು ಪ್ರೊಪೆಲರನ್ನು ಕಡಿಮೆ ಓರೆಗೆ ತರುವುದನ್ನು ಮರೆತು ಹೊರಟರು. ಸ್ಪಿಟ್‌ಫೈರ್ ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲಿ ಓಡಿತೇ ಹೊರತು ಮೇಲೇಳಲಿಲ್ಲ, ಅಪಘಾತಕ್ಕೀಡಾಯಿತು. ಬೇಡರ್ ತಲೆಗೆ ಪೆಟ್ಟಾದರೂ ಬದುಕಿದರು. ಮಾತ್ರವಲ್ಲ, ಇನ್ನೊಂದು ವಿಮಾನ ಹತ್ತಿ ಹೊರಟೇಬಿಟ್ಟರು! ಅನುಭವಿಗೇ ಹೀಗಾದರೆ ಹೊಸಬರ ಪಾಡೇನು?

ಆ ವರ್ಷದ ಜೂನ್ ಹೊತ್ತಿಗೆ ಫ್ರಾನ್ಸ್ ಸೋತಿತ್ತು. ಜರ್ಮನಿಯ ವಿಮಾನಗಳು ಬ್ರಿಟನ್ನಿನ ಮೇಲೆ ಎರಗುವುದು ಖಚಿತವಾಗಿತ್ತು. ಆಗ ಡಿ ಹ್ಯಾವಿಲೆಂಡ್ ಕಂಪನಿಯ ಎಂಜಿನಿಯರುಗಳು ವಾಯುನೆಲೆಯಿಂದ ವಾಯುನೆಲೆಗೆ ಓಡಾಡಿ, ವಿಮಾನಗಳು ನಿಂತಲ್ಲಿಯೇ ಅವುಗಳ ಪ್ರೊಪೆಲರುಗಳನ್ನು ಮಾರ್ಪಡಿಸಿದರು. ಆಗಸ್ಟ್ ನಡುವಿನ ಹೊತ್ತಿಗೆ ಸ್ಪಿಟ್‌ಫೈರ್, ಹರಿಕೇನ್ ಮೊದಲಾದ ಸಾವಿರಕ್ಕೂ ಹೆಚ್ಚು ವಿಮಾನಗಳಿಗೆ ಹೊಸ ಸಾಧನ ಕೂತಿತ್ತು. ಓರೆಯನ್ನು ತಾನೇ ತಾನಾಗಿ ಬದಲಿಸುವ ಸಾಧನ.

ಅದರಿಂದ ಎಷ್ಟು ಲಾಭ? ಸ್ಪಿಟ್‌ಫೈರ್ ನೆಲ ಬಿಡಲು ಎಷ್ಟು ದೂರ ಓಡಬೇಕಿತ್ತು ಎಂಬುದನ್ನು ಆಗಲೇ ಅಳೆದಿದ್ದಾರೆ. ಮರದ ಪ್ರೊಪೆಲರ್ ಇದ್ದಾಗ ಸುಮಾರು 385 ಮೀಟರ್, ಎರಡು ಗೇರಿನದ್ದರಲ್ಲಿ ಸುಮಾರು 290 ಮೀಟರ್, ತಾನಾಗಿ ಬದಲಾಗುವುದರಲ್ಲಿ ಸುಮಾರು 205 ಮೀಟರ್. ಮೇಲೇರುವುದೂ ಬೇಗವಾಯಿತು. ಸೋಜಿಗವೆಂದರೆ ಅತಿ ಹೆಚ್ಚಿನ ವೇಗ ಮಾತ್ರ ಹೆಚ್ಚಲಿಲ್ಲ. ಯಾಕೆ ಎಂದು ನೀವೇ ಹೇಳಬಲ್ಲಿರಿ: ಹಳೆಯ ಪ್ರೊಪೆಲರಿನ ಓರೆ ಆ ವೇಗಕ್ಕೇ ಹೊಂದುವಂತಿತ್ತು!

ತಿರುಗುವ ಗುಂಡುಗಳ ಜಾಣತನ

ಆಗ ಕಂಪ್ಯೂಟರ್ ಇರಲಿಲ್ಲ. ಯಂತ್ರಕ್ಕೆ ಓರೆ ಎಷ್ಟಿರಬೇಕೆಂದು ತಿಳಿಯುತ್ತಿದ್ದುದು ಹೇಗೆ? ದಾರದ ತುದಿಗೆ ಕಲ್ಲು ಕಟ್ಟಿ ಬಯಲಿನಲ್ಲಿ ತಿರುಗಿಸಿದ್ದೀರಾ? ಜೋರಾಗಿ ತಿರುಗಿಸಿದಷ್ಟೂ ಕಲ್ಲು ಹೊರಕ್ಕೆ, ಮೇಲಕ್ಕೆ ಹೋಗುತ್ತದೆ. ನಿಧಾನವಾದರೆ ಕೆಳಗಿಳಿಯುತ್ತದೆ. ಉಗಿಯಂತ್ರದ ವೇಗ ಹದದಲ್ಲಿರಲೆಂದು ಜೇಮ್ಸ್ ವಾಟ್ 1788ರಲ್ಲಿ ಬಳಸಿದ್ದು ಇದೇ ಉಪಾಯವನ್ನು. ಅದಕ್ಕೆ ಗವರ್ನರ್ ಎಂದು ಹೆಸರು.

ಪ್ರೊಪೆಲರಿನ ಗವರ್ನರಿನಲ್ಲಿ ಎರಡು ಪುಟ್ಟ ಗುಂಡುಗಳು ಎಂಜಿನ್ನಿನೊಂದಿಗೆ ತಿರುಗುತ್ತವೆ. ಒಂದು ಸ್ಪ್ರಿಂಗು ಅವನ್ನು ಒಳಕ್ಕೆ ಒತ್ತುತ್ತಿರುತ್ತದೆ. ಎಂಜಿನ್ನಿನ ಸುತ್ತು ಹೆಚ್ಚಾಯಿತೆನ್ನಿ. ಗುಂಡುಗಳು ಹೊರಕ್ಕೆ ಸರಿದು ಒಂದು ಕವಾಟವನ್ನು ಎತ್ತುತ್ತವೆ. ಎಣ್ಣೆಯ ಒತ್ತಡ ಬದಲಾಗಿ ಅಲಗುಗಳು ಹೆಚ್ಚು ಓರೆಯಾಗುತ್ತವೆ. ಗಾಳಿಯ ಹೊರೆ ಹೆಚ್ಚಿ ಎಂಜಿನ್ನು ಮತ್ತೆ ಹಳೆಯ ಸುತ್ತಿಗೆ ಇಳಿಯುತ್ತದೆ. ಸುತ್ತು ಕಡಿಮೆಯಾದರೆ ಎಲ್ಲವೂ ತಿರುಗುಮುರುಗು. ಸೀಲಿಂಗ್ ಫ್ಯಾನಿನಲ್ಲಿ ಓರೆ ಬದಲಾಗುವುದಿಲ್ಲ, ರೆಗ್ಯುಲೇಟರಿನಿಂದ ಸುತ್ತು ಬದಲಾಗುತ್ತದೆ. ಇಲ್ಲಿ ಸುತ್ತು ಬದಲಾಗುವುದಿಲ್ಲ, ಓರೆ ಬದಲಾಗುತ್ತದೆ!

ಹಾಗೆಂದು ಪೈಲಟ್‌ಗೆ ಕೆಲಸವೇ ಇಲ್ಲವೆಂದಲ್ಲ. ನಿಮಿಷಕ್ಕೆ ಎಷ್ಟು ಸುತ್ತು ಬೇಕೆಂದು ಒಂದು ಸನ್ನೆಯಿಂದ ಹೇಳುವುದು ಅವರೇ. ಕಾದಾಡುವಾಗ ಹೆಚ್ಚು, ಇಂಧನ ಉಳಿಸುವಾಗ ಕಡಿಮೆ. ಹೇಳಿದ್ದನ್ನು ಕಾಯ್ದುಕೊಳ್ಳುವುದು ಗವರ್ನರಿನ ಕೆಲಸ.

ಗಡಿಯಾರದಂಥ ಮಾಪಕ

ಎದುರಾಳಿ ಜರ್ಮನಿಯ ಮೆಸ್ಸರ್‌ಸ್ಮಿಟ್ 109 ಏನು ಮಾಡುತ್ತಿತ್ತು? ಅದರ 'ಇ' ಮಾದರಿಯ ಆರಂಭದ ವಿಮಾನಗಳಲ್ಲಿ ಅಲಗನ್ನು ಪುಟ್ಟ ವಿದ್ಯುತ್ ಮೋಟಾರು ತಿರುಗಿಸುತ್ತಿತ್ತು. ಎಷ್ಟು ಬೇಕಾದರೂ ಓರೆ ಮಾಡಬಹುದಿತ್ತು. ಆದರೆ ಸ್ವಿಚ್ಚು ಒತ್ತಬೇಕಾದದ್ದು ಪೈಲಟ್. ಈಗ ಓರೆ ಎಷ್ಟಿದೆ ಎಂದು ತೋರಿಸಲು ಎರಡು ಮುಳ್ಳುಗಳ ಒಂದು ಮಾಪಕವಿತ್ತು. ನೋಡಲು ಥೇಟ್ ಗಡಿಯಾರ! ನೆಲ ಬಿಡುವಾಗ ಹನ್ನೆರಡು ಗಂಟೆಯ ಆಸುಪಾಸು. ಆಮೇಲೆ ವೇಗ ಹೆಚ್ಚಿದಂತೆ ಹನ್ನೊಂದು, ಹತ್ತು ಎಂದು ಗಡಿಯಾರ ಹಿಂದೆ ಹೋಗಬೇಕು.

ಈ ವಿಮಾನವನ್ನು ಕಂಪ್ಯೂಟರಿನಲ್ಲಿ ಹಾರಿಸಬಹುದು. 2011ರಲ್ಲಿ ಬಂದ 'ಇಲ್-2 ಸ್ಟುರ್ಮೊವಿಕ್: ಕ್ಲಿಫ್ಸ್ ಆಫ್ ಡೋವರ್' ಎಂಬ ಸಿಮ್ಯುಲೇಟರಿನಲ್ಲಿ 1940ರ ಆ ಆಕಾಶವನ್ನೇ ಕಟ್ಟಿದ್ದಾರೆ. ಎರಡು ಗೇರಿನ ಹಳೆಯ ಸ್ಪಿಟ್‌ಫೈರ್, ಗವರ್ನರ್ ಇರುವ ಹೊಸ ಸ್ಪಿಟ್‌ಫೈರ್, ಗಡಿಯಾರದ ಮಾಪಕವಿರುವ ಮೆಸ್ಸರ್‌ಸ್ಮಿಟ್, ಎಲ್ಲವೂ ಇವೆ.

ಮೆಸ್ಸರ್‌ಸ್ಮಿಟ್ ಹತ್ತಿ ಕುಳಿತಿದ್ದೀರಿ ಎಂದುಕೊಳ್ಳಿ. ಮೇಲೆ ಐದು ಕಿ.ಮೀ. ಎತ್ತರದಲ್ಲಿದ್ದೀರಿ. ಕೆಳಗೆ ಎದುರಾಳಿ ಕಂಡ. ಮೂಗು ತಗ್ಗಿಸಿ ಧುಮುಕಿದಿರಿ. ಕಣ್ಣು ಎದುರಾಳಿಯ ಮೇಲೆಯೇ ನೆಟ್ಟಿದೆ. ವೇಗ ಏರುತ್ತಿದೆ. ಓರೆ ಮಾತ್ರ ಮೇಲೇರುವಾಗ ಇಟ್ಟದ್ದೇ ಇದೆ! ಈ ಎಂಜಿನ್ನು ನಿಮಿಷಕ್ಕೆ ಸುಮಾರು 2400 ಸುತ್ತು ತಿರುಗಲೆಂದು ಮಾಡಿದ್ದು. ಮುಳ್ಳು ಅದನ್ನು ದಾಟಿ ಮುಂದೆ ಹೋಗುತ್ತದೆ. ಎಂಜಿನ್ನಿನ ಸದ್ದು ಕೀರಲಾಗುತ್ತದೆ. ಇನ್ನು ಕೆಲವು ಕ್ಷಣ ಹೀಗೇ ಬಿಟ್ಟರೆ ಎಂಜಿನ್ನು ಕೆಟ್ಟು ಹೊಗೆ ಬರುತ್ತದೆ. ನಿಮ್ಮನ್ನು ಎದುರಾಳಿ ಹೊಡೆಯಲಿಲ್ಲ. ನಿಮ್ಮ ಪ್ರೊಪೆಲರ್ ಹೊಡೆಯಿತು!

ಸಿಮ್ಯುಲೇಟರಿಗೆ ಇದೆಲ್ಲ ತಿಳಿಯುವುದು ಲೆಕ್ಕದಿಂದ. ಎಂಜಿನ್ನು ಎಷ್ಟು ಬಲದಿಂದ ತಿರುಗಿಸುತ್ತಿದೆ, ಗಾಳಿ ಅಲಗನ್ನು ಎಷ್ಟು ತಡೆಯುತ್ತಿದೆ ಎಂದು ಅದು ಒಂದು ಸೆಕೆಂಡಿಗೆ ಹಲವಾರು ಬಾರಿ ಲೆಕ್ಕ ಹಾಕುತ್ತದೆ. ಮೊದಲನೆಯದು ಹೆಚ್ಚಾದರೆ ಸುತ್ತು ಏರುತ್ತದೆ, ಎರಡನೆಯದು ಹೆಚ್ಚಾದರೆ ಇಳಿಯುತ್ತದೆ. ಆದರೆ ಒಂದು ಮಾತು. ಲೆಕ್ಕದಲ್ಲಿ ಬರೆಯದೆ ಇದ್ದದ್ದು ಸಿಮ್ಯುಲೇಟರಿನಲ್ಲಿ ನಡೆಯುವುದಿಲ್ಲ. ಸುತ್ತು ಮಿತಿಮೀರಿದರೆ ಎಂಜಿನ್ನು ಕೆಡುತ್ತದೆ ಎಂದು ಬರೆಯುವುದನ್ನು ಬಿಟ್ಟರೆ, ಕಡಿಮೆ ಓರೆಯಲ್ಲಿ ಎಂಜಿನ್ನನ್ನು ಎರ್ರಾಬಿರ್ರಿ ಓಡಿಸುವವನೇ ಗೆಲ್ಲುತ್ತಾನೆ. ಅವನು ಕಲಿತದ್ದು ನಿಜವಾದ ವಿಮಾನದಲ್ಲಿ ಪ್ರಾಣಕ್ಕೇ ಅಪಾಯ.

ಈಗ ಮೊದಲಿನ ಆಯ್ಕೆಯ ಪಟ್ಟಿಗೆ ಬರೋಣ. 'ಸ್ವಯಂಚಾಲಿತ' ಎಂಬ ಒಂದೇ ಪದಕ್ಕೆ ಸಿಮ್ಯುಲೇಟರಿನಲ್ಲಿ ಎರಡು ಅರ್ಥಗಳಿವೆ. ಬಹಳ ಮಂದಿ ಇವೆರಡನ್ನು ಬೆರೆಸಿಬಿಡುತ್ತಾರೆ. ಒಂದು, ವಿಮಾನದಲ್ಲಿಯೇ ಇದ್ದ ಸ್ವಯಂಚಾಲನೆ. ಸ್ಪಿಟ್‌ಫೈರಿನ ಗವರ್ನರ್ ಅಂಥದ್ದು. ಅದು ಇತಿಹಾಸದ ಭಾಗ, ವಿಮಾನದ ಅಂಗ. ಇನ್ನೊಂದು, ಆಟ ಬರೆದವರು ಆಡುವವರಿಗೆ ಕೊಟ್ಟ ನೆರವು. ಕಾಣದ ಸಹಾಯಕನೊಬ್ಬ ಪಕ್ಕದಲ್ಲಿ ಕುಳಿತು ನಿಮ್ಮ ಬದಲು ಸ್ವಿಚ್ಚು ಒತ್ತಿದಂತೆ. ಒಂಟಿ ಆಸನದ ಮೆಸ್ಸರ್‌ಸ್ಮಿಟ್‌ನಲ್ಲಿ 1940ರಲ್ಲಿ ಅಂಥ ಸಹಾಯಕ ಇರಲಿಲ್ಲ!

ಈ ಎರಡನೆಯ ನೆರವು ತಪ್ಪೇ? ನನಗೇನೋ ಹಾಗೆನ್ನಿಸುವುದಿಲ್ಲ. ನಿಜವಾದ ಪೈಲಟ್‌ಗೆ ಆಸನದ ನಡುಕ ತಿಳಿಯುತ್ತದೆ, ಸನ್ನೆ ಕೈಗೆ ಸಿಗುತ್ತದೆ. ಮೇಜಿನ ಮುಂದೆ ಕುಳಿತವರಿಗೆ ಕಣ್ಣು ಮತ್ತು ಕಿವಿ ಬಿಟ್ಟರೆ ಬೇರೇನಿಲ್ಲ. ಹೊಸಬರು ಮೊದಲು ನೇರ ಹಾರಲು ಕಲಿಯಲಿ. ಆದರೆ ಇಬ್ಬರು ಎದುರುಬದುರಾಗಿ ಆಡುವಾಗ ಒಬ್ಬರಿಗೆ ಆ ಸಹಾಯಕನಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ಅದು ಸರಿಸಮನಾದ ಆಟವಲ್ಲ. ಸಹಾಯಕನಿರುವ ಮೆಸ್ಸರ್‌ಸ್ಮಿಟ್ 1940ರ ಮೆಸ್ಸರ್‌ಸ್ಮಿಟ್ ಕೂಡ ಅಲ್ಲ. ಅದು ಎಂದೂ ಇರದಿದ್ದ ಒಂದು ವಿಮಾನ.

ಸಿಮ್ಯುಲೇಟರ್ ಹುಟ್ಟಿದ್ದು ಆಟಕ್ಕಾಗಿ ಅಲ್ಲ ಎಂಬುದೂ ನೆನಪಿರಲಿ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ಮಾಡಿದ ತರಬೇತಿ ಪೆಟ್ಟಿಗೆ ತಿದಿಗಳ ಗಾಳಿಯಿಂದ ಓಲಾಡುತ್ತಿತ್ತು. ಅವರ ಮನೆತನದ ಕಸುಬು ಆರ್ಗನ್ ವಾದ್ಯ ತಯಾರಿಕೆ, ತಿದಿ ಅಲ್ಲಿಂದ ಬಂದದ್ದು! ಮಹಾಯುದ್ಧದ ಪೈಲಟ್‌ಗಳು ಸಾವಿರಗಟ್ಟಲೆ ಅದರಲ್ಲಿ ಕಲಿತರು. ಇಂದು ತೇಜಸ್ ಯುದ್ಧವಿಮಾನಕ್ಕಾಗಿ ಸಿಮ್ಯುಲೇಟರನ್ನು ಬೆಂಗಳೂರಿನ ಎ.ಡಿ.ಇ. ಎಂಬ ರಕ್ಷಣಾ ಸಂಶೋಧನಾಲಯವೇ ರೂಪಿಸಿದೆ. ತೇಜಸ್ ಜೆಟ್ ವಿಮಾನ, ಅದಕ್ಕೆ ಪ್ರೊಪೆಲರ್ ಇಲ್ಲ.

ಕೈ ಮೇಲೋ, ಯಂತ್ರ ಮೇಲೋ?

ನುರಿತ ಕೈ ಗವರ್ನರಿಗಿಂತ ಚೆನ್ನಾಗಿ ಓರೆ ಮಾಡಬಹುದಲ್ಲವೇ ಎಂದು ನೀವು ಕೇಳಬಹುದು. ಒಂದೇ ವೇಗದಲ್ಲಿ, ಒಂದೇ ಎತ್ತರದಲ್ಲಿ ಹಾರುವಾಗ ಹೌದು. ಕಾದಾಟದಲ್ಲಿ ಅದು ಕಷ್ಟ, ಕೈ ಸೋತು ಅಲ್ಲ, ಗಮನ ಸಾಲದೆ. 1944ರಲ್ಲಿ ಅಮೆರಿಕದ ಪಿ-38 ವಿಮಾನಗಳ ಒಂದು ದಳದ ಮುಖ್ಯಸ್ಥರು ತಮ್ಮ ಮೇಲಧಿಕಾರಿಗಳಿಗೆ ಪತ್ರ ಬರೆದು ಇದನ್ನೇ ದೂರಿದರು. ಇಂಧನ ಉಳಿಸುತ್ತ ನಿಧಾನ ಹಾರುತ್ತಿದ್ದ ಹೊಸ ಪೈಲಟ್‌ನ ಮೇಲೆ ಥಟ್ಟನೆ ದಾಳಿಯಾದರೆ, ಅವನು ಇಂಧನದ ಕವಾಟ, ಮಿಶ್ರಣ, ಪ್ರೊಪೆಲರಿನ ಸುತ್ತು, ಎಂಜಿನ್ನಿನ ಒತ್ತಡ, ಬಂದೂಕಿನ ಸ್ವಿಚ್ಚು ಎಂದು ಒಂದಾದ ಮೇಲೊಂದು ಹುಡುಕಬೇಕಿತ್ತು. ಅದೂ ಎರಡೆರಡು ಎಂಜಿನ್ನುಗಳಿಗೆ! ಅಷ್ಟರಲ್ಲಿ ಶತ್ರು ಸುಮ್ಮನಿರುತ್ತಾನೆಯೇ?

ಜರ್ಮನಿ ಕೂಡ ಅದನ್ನು ಕಂಡುಕೊಂಡಿತು. 1940ರ ಕೊನೆಯ ಹೊತ್ತಿಗೆ ಕಾಳಗಕ್ಕೆ ಬಂದ ಮೆಸ್ಸರ್‌ಸ್ಮಿಟ್‌ನ 'ಎಫ್' ಮಾದರಿಯಲ್ಲಿ ಓರೆ ತಾನಾಗಿ ಬದಲಾಗುತ್ತಿತ್ತು. 1941ರಲ್ಲಿ ಬಂದ ಫೋಕ್-ವುಲ್ಫ್ 190 ಇನ್ನೂ ಮುಂದೆ ಹೋಯಿತು. ಪೈಲಟ್ ಒಂದು ಸನ್ನೆ ಎಳೆದರೆ ಸಾಕು. ಪ್ರೊಪೆಲರಿನ ಓರೆ, ಇಂಧನದ ಮಿಶ್ರಣ, ಕಿಡಿ ಹಾರುವ ಹೊತ್ತು, ಎಲ್ಲವನ್ನೂ ಎಣ್ಣೆ ಮತ್ತು ಹಲ್ಲುಚಕ್ರಗಳಿಂದಾದ ಒಂದು ಪೆಟ್ಟಿಗೆ ನೋಡಿಕೊಳ್ಳುತ್ತಿತ್ತು. ವಿದ್ಯುನ್ಮಾನವಿಲ್ಲದ ಕಂಪ್ಯೂಟರ್ ಎಂದರೂ ಸರಿಯೇ!

ಆದರೂ ಈ ಎರಡೂ ವಿಮಾನಗಳಲ್ಲಿ ಕೈಯಿಂದ ಓರೆ ಬದಲಿಸುವ ಸ್ವಿಚ್ಚನ್ನು ತೆಗೆದುಹಾಕಲಿಲ್ಲ. ಗುಂಡು ತಗುಲಿ ಸ್ವಯಂಚಾಲಿತ ಸಾಧನ ಕೆಟ್ಟರೆ ಅಲಗುಗಳು ಇದ್ದಲ್ಲಿಯೇ ಸಿಕ್ಕಿಕೊಳ್ಳಬಾರದಲ್ಲ? ಇನ್ನೊಂದು ಉಪಯೋಗವೂ ಇದೆ. ಎಂಜಿನ್ನು ನಿಂತುಹೋಗಿ ವಿಮಾನ ತೇಲುತ್ತ ಇಳಿಯಬೇಕಾದಾಗ ಅಲಗುಗಳನ್ನು ಹೆಚ್ಚು ಓರೆ ಮಾಡಿದರೆ ಅವು ಗಾಳಿಗೆ ಅಂಚು ಕೊಡುತ್ತವೆ. ಬಕೆಟ್ಟಿನಲ್ಲಿ ಅಂಚು ಮುಂದಾಗಿ ಸಾಗಿದ ಅಳತೆಪಟ್ಟಿಯಂತೆ. ತಡೆ ಕಡಿಮೆಯಾಗಿ ವಿಮಾನ ಇನ್ನಷ್ಟು ದೂರ ತೇಲುತ್ತದೆ. ಸಿಮ್ಯುಲೇಟರಿನಲ್ಲಿ ಎಲ್ಲವನ್ನೂ ಕಾಣದ ಸಹಾಯಕನಿಗೆ ಬಿಟ್ಟವರಿಗೆ ಈ ಸ್ವಿಚ್ಚು ಇದೆಯೆಂಬುದೇ ಎಷ್ಟೋ ದಿನ ಗೊತ್ತಾಗುವುದಿಲ್ಲ.

ಈ ಲೆಕ್ಕ ಮಾಡಿ: ನಮ್ಮ ಸ್ಪಿಟ್‌ಫೈರಿನ ಗವರ್ನರ್ ಪ್ರೊಪೆಲರನ್ನು ಸೆಕೆಂಡಿಗೆ 24 ಸುತ್ತಿನಲ್ಲಿಯೇ ಹಿಡಿದಿಟ್ಟಿದೆ. ವಿಮಾನ ಗಂಟೆಗೆ 432 ಕಿ.ಮೀ. ವೇಗದಲ್ಲಿ ಹಾರುತ್ತಿದೆ. ಪ್ರೊಪೆಲರ್ ಒಂದು ಸುತ್ತು ತಿರುಗುವಷ್ಟರಲ್ಲಿ ವಿಮಾನ ಎಷ್ಟು ಮೀಟರ್ ಮುಂದೆ ಹೋಗುತ್ತದೆ? ವೇಗ ಗಂಟೆಗೆ 216 ಕಿ.ಮೀ.ಗೆ ಇಳಿದರೆ ಗವರ್ನರ್ ಅಲಗುಗಳನ್ನು ಹೆಚ್ಚು ಓರೆ ಮಾಡುತ್ತದೆಯೋ, ಕಡಿಮೆಯೋ?

ಉತ್ತರ: 5 ಮೀಟರ್, ಕಡಿಮೆ.